ಅನುಮಾನಪ್ಪನ ಹಾರ್ನ್

ಅನುಮಾನಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಜೊತೆಯವರು ಅಂಟಿಸಿದ್ದು. ಪೆಟ್ರೋಲ್ ಬಂಕಿನವನು ನಕ್ಕರೆ ಅಳತೆಯಲ್ಲಿ ಮೋಸವಿರಬೇಕು ಎನ್ನುತ್ತಿದ್ದ, ನಗದಿದ್ದರೆ ಮೋಸ ಖಂಡಿತ ಎನ್ನುತ್ತಿದ್ದ. ಇಂಥವನಿಗೆ ಸಂಶೋಧನಾ ಸಂಸ್ಥೆಯವರು ಕೊಟ್ಟ ಕೆಲಸವೂ ಹೇಳಿ ಮಾಡಿಸಿದಂತಿತ್ತು: ತನ್ನಷ್ಟಕ್ಕೆ ತಾನೇ ಓಡುವ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ಅದನ್ನು ನಂಬದೇ ಇರುವುದು.

ವ್ಯಾನು ಕೆಲಸಗಾರರನ್ನು ಹತ್ತಿಸಿಕೊಂಡು ಗೇಟಿನಿಂದ ಹೊರಟು, ಪ್ರಯೋಗಾಲಯಗಳನ್ನು ಸುತ್ತಿ, ಹಾಸ್ಟೆಲ್ಲಿನ ಲಾಂಡ್ರಿ ಮುಟ್ಟಿ ವಾಪಸಾಗುತ್ತಿತ್ತು. ಅಪಾಯ ಕಂಡರೆ ಮಾತ್ರ ಈತ ಬ್ರೇಕ್ ತುಳಿಯಬೇಕು. ಆ ಲಾಂಡ್ರಿಯಲ್ಲಿ ಅವನ ಹೆಂಡತಿಗೆ ಕೆಲಸ. ಅಲ್ಲಿಯ ತಿರುವಿನಲ್ಲಿ ಒಗೆದ ಬೆಡ್‌ಶೀಟುಗಳು ರಸ್ತೆಗೆ ಒತ್ತಿಕೊಂಡೇ ತೂಗಾಡುತ್ತಿದ್ದವು, ಅವುಗಳ ಹಿಂದಿನಿಂದ ಬಟ್ಟೆಗಂಟು ಹೊತ್ತ ಹೆಂಗಸರು ದಿಢೀರನೆ ರಸ್ತೆಗಿಳಿಯುತ್ತಿದ್ದರು. ವ್ಯಾನಿಗೆ ಬಟ್ಟೆ ಬರೀ ಬಟ್ಟೆಯಾಗಿಯೇ ಕಾಣುತ್ತಿತ್ತು. ಅದರ ಹಿಂದೆ ಮನುಷ್ಯರಿರಬಹುದೆಂಬ ಅನುಮಾನ ಅದಕ್ಕೆ ಬರುತ್ತಿರಲಿಲ್ಲ. ಅನುಮಾನಪ್ಪನಿಗೆ ಬರುತ್ತಿತ್ತು. ದಿನವೂ ಅಲ್ಲಿ ತುಳಿಯುತ್ತಿದ್ದ.

ಎಲ್ಲ ಸರಿಯಾಗಿಯೇ ಇತ್ತು, ಫೆಲೋ ಮೇಡಂ ಬರುವವರೆಗೆ. ತಾವಾಗಿ ಓಡುವ, ತಾವಾಗಿ ಯೋಚಿಸುವ ಯಂತ್ರಗಳು ಮನುಷ್ಯರಿಗೆ ಕೇಡು ಮಾಡದಂತೆ ನೋಡಿಕೊಳ್ಳುವುದು ಹೇಗೆ ಎಂಬ ಸಂಶೋಧನೆಗೆ ಸಂಸ್ಥೆ ಬೇರೆ ಊರಿನ ವಿದ್ವಾಂಸರನ್ನು ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತಿತ್ತು. ಆ ಫೆಲೋಶಿಪ್ಪಿನ ಮೇಲೆ ಬಂದ ಈಕೆ ನೇರವಾಗಿ ಅವನ ಹಿಂದಿನ ಸೀಟು ಹಿಡಿದಳು. ಬ್ರೇಕಿಗೊಂದು ತಂತಿ ಜೋಡಿಸಿದಳು. ಅವನು ತುಳಿದಾಗಲೆಲ್ಲ ಅವಳ ಲ್ಯಾಪ್‌ಟಾಪಿನಲ್ಲಿ ಕೆಂಪು ಚುಕ್ಕೆ ಮೂಡುತ್ತಿತ್ತು.

"ಇದೇನ್ ಮೇಡಂ, ಚುಕ್ಕೆ?"

"ನೀವು ಬ್ರೇಕ್ ಹಾಕಿದ್ದು, ಅಣ್ಣ. ನೀವು ನಿಮ್ಮ ಪಾಡಿಗೆ ಕೆಲಸ ಮಾಡಿ. ನಾನಿಲ್ಲ ಅಂದ್ಕೊಳ್ಳಿ."

ಕತ್ತಿನ ಹಿಂದೆಯೇ ಕೂತವಳನ್ನು ಇಲ್ಲ ಅಂದುಕೊಳ್ಳಬೇಕಂತೆ. ಸಾಲದ್ದಕ್ಕೆ ಅಣ್ಣ ಬೇರೆ. ಅತಿ ವಿನಯಂ ಧೂರ್ತ ಲಕ್ಷಣಂ ಎಂದುಕೊಂಡ ಅವನು. ಕೆಂಪು ಎಂದರೆ ತಪ್ಪು ಎಂದು ಶಾಲೆಯ ಮೇಷ್ಟ್ರು ಕಲಿಸಿದ್ದು ಇನ್ನೂ ಮರೆತಿರಲಿಲ್ಲ.

"ನನ್ನ ತಪ್ಪು ಎಣಿಸ್ತಿದಾಳೆ ಕಣೇ," ಎಂದ ಮನೆಗೆ ಬಂದು. "ಚುಕ್ಕೆ ಜಾಸ್ತಿಯಾದ್ರೆ ಕೆಲಸಕ್ಕೆ ಸಂಚಕಾರ."

"ಅವರನ್ನೇ ಕೇಳ್ಬಿಡಿ," ಎಂದಳು ಹೆಂಡತಿ.

"ಕಳ್ಳನ್ನ ಕೇಳಿ ಬೀಗ ಹಾಕ್ತಾರಾ ಯಾರಾದ್ರೂ?"

ಮಾರನೆಯ ದಿನದಿಂದ ಅವನ ಕಾಲು ಮೌನವ್ರತ ಹಿಡಿಯಿತು. ಹಾರ್ನಿಗೆ ಅವಳು ತಂತಿ ಜೋಡಿಸಿಲ್ಲವೆಂಬುದನ್ನು ಅವನು ಆಗಲೇ ನೋಡಿಟ್ಟುಕೊಂಡಿದ್ದ. ತಿರುವು ಬಂದ ಕೂಡಲೇ ಉದ್ದಕ್ಕೆ ಒತ್ತುವನು, ಹೆಂಗಸರು ಬೆಡ್‌ಶೀಟಿನ ಹಿಂದೆಯೇ ನಿಲ್ಲುವರು, ವ್ಯಾನು ಸಲೀಸಾಗಿ ದಾಟುವುದು. ಚುಕ್ಕೆಯ ಸುಳಿವಿಲ್ಲ. ಒಮ್ಮೆ ಮೇಡಂ ನಕ್ಕು, "ಏನಣ್ಣ, ಮನೆಯವರಿಗಾ ಹಾರ್ನು?" ಎಂದಳು. ಅವನು ನಾಚಿದವನಂತೆ ನಟಿಸಿ ಹೂಂ ಎಂದ.

ಆಕೆಯ ಅವಧಿ ಮುಗಿಯುತ್ತಾ ಬಂದಾಗ ಡೈರೆಕ್ಟರನ್ನೂ ಕರೆದುಕೊಂಡು ವ್ಯಾನಿನ ಬಳಿ ಬಂದಳು.

"ಒಳ್ಳೇ ಸುದ್ದಿ ಅಣ್ಣ. ಎಷ್ಟೋ ದಿನದಿಂದ ನೀವು ಬ್ರೇಕೇ ಹಾಕಿಲ್ಲ. ಅಂದ್ರೆ ವ್ಯಾನು ಕಲ್ತಿದೆ. ಸೋಮವಾರ ಮುಂದಿನ ಸೀಟಲ್ಲಿ ಯಾರೂ ಕೂತ್ಕೊಳ್ದೆ ಓಡಿಸಿ ನೋಡ್ತೀವಿ."

ಅನುಮಾನಪ್ಪ ಕೆಲಸ ಉಳಿಸಿಕೊಳ್ಳಲು ಹೋಗಿ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದ. ಹಾರ್ನಿನ ಗುಟ್ಟನ್ನು ಅಲ್ಲೇ ಬಾಯಿಬಿಟ್ಟು ಹೇಳಿದ.

"ಕೆಲಸ ಹೋಗುತ್ತೆ ಅಂತ ಗೊತ್ತಾದ್ಮೇಲೆ ಕಥೆ ಕಟ್ತಿದೀಯಲ್ಲಪ್ಪ," ಎಂದರು ಡೈರೆಕ್ಟರು.

ಮೇಡಂ ಮುಖ ಸಪ್ಪಗಾಯಿತು. "ಹಾರ್ನು ಮನೆಯವರಿಗೆ ಅಂತ ನೀವೇ ಒಪ್ಕೊಂಡಿದ್ರಿ ಅಣ್ಣ. ಯಾವ ಮಾತು ನಂಬ್ಲಿ?"

ಜೀವಮಾನವಿಡೀ ಊರವರನ್ನೆಲ್ಲ ಓರೆಗಣ್ಣಿನಲ್ಲಿ ನೋಡಿದವನಿಗೆ ಆ ನೋಟ ತನ್ನ ಮೇಲೆ ಬಿದ್ದರೆ ಹೇಗಿರುತ್ತದೆಂದು ಅವತ್ತು ತಿಳಿಯಿತು. ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಸೋಮವಾರ ಬೆಳಿಗ್ಗೆ ಮುಂದಿನ ಸೀಟು ಖಾಲಿ. ಜನ ಹತ್ತುತ್ತಿದ್ದರು. ಹೆಂಡತಿಯೂ ಎಂದಿನಂತೆ ಸರದಿಯಲ್ಲಿ ನಿಂತಿದ್ದಳು. ಅವನು ಅವಳ ರಟ್ಟೆ ಹಿಡಿದು ಪಕ್ಕಕ್ಕೆಳೆದ.

"ನಡ್ಕೊಂಡು ಹೋಗು. ಇವತ್ತು ಆ ರಸ್ತೆ ಕಡೆ ಬಟ್ಟೆ ಒಣಗಾಕ್ಬೇಡ," ಎಂದ ಪಿಸುದನಿಯಲ್ಲಿ.

"ಇಷ್ಟು ಚೆನ್ನಾಗಿ ಬಿಸಿಲಿದೆ, ಯಾಕ್ರೀ?"

"ನಾನಿರಲ್ಲ ಕಣೇ. ಹಾರ್ನ್ ಹೊಡೆಯೋರು ಯಾರು?"

ಬಾಗಿಲ ಬಳಿಯಿದ್ದ ಮೇಡಂ ಇದನ್ನು ಕೇಳಿಸಿಕೊಂಡಳು. ತನಗೆ ಕೇಳಲೆಂದು ಅವನು ಆಡಿದ ಮಾತಲ್ಲ ಅದು. ಲ್ಯಾಪ್‌ಟಾಪ್ ಮುಚ್ಚಿ, ವ್ಯಾನು ನಿಲ್ಲಿಸುವ ಗುಂಡಿ ಒತ್ತಿದಳು.

"ನನ್ನ ವರದಿ ತಪ್ಪು ಸರ್," ಎಂದಳು ಡೈರೆಕ್ಟರಿಗೆ. "ವಾಪಸ್ ತಗೋತೀನಿ."

ಅಂದರೆ ಅಷ್ಟು ತಿಂಗಳ ಕೆಲಸ ನೀರಿನಲ್ಲಿ ಹೋಮ. ಬರಿಗೈಯಲ್ಲಿ ಊರಿಗೆ ಮರಳಬೇಕು. ಇದರಲ್ಲಿ ಇವಳಿಗೇನು ಲಾಭ ಎಂದು ಅನುಮಾನಪ್ಪ ಅಭ್ಯಾಸಬಲದಿಂದ ಹುಡುಕಿದ. ಏನೂ ಸಿಗಲಿಲ್ಲ.

"ಹತ್ತಿ ಅಣ್ಣ. ಹಾರ್ನ್ ಬೇಡ. ಅನುಮಾನ ಬಂದ್ರೆ ತುಳೀರಿ."

ಮೇಡಂ ಮತ್ತೆ ಲ್ಯಾಪ್‌ಟಾಪ್ ತೆರೆದು ಹಿಂದಿನ ಸೀಟಿನಲ್ಲಿ ಕೂತಳು. ಹೆಂಡತಿಯನ್ನೂ ಹತ್ತಿಸಿಕೊಂಡು ಅವನು ಹೊರಟ. ತಿರುವಿನಲ್ಲಿ ಬೆಡ್‌ಶೀಟೊಂದು ಅಲುಗಿತು. ಮೈಯ ಭಾರವನ್ನೆಲ್ಲ ಹಾಕಿ ತುಳಿದ. ಜನ ಮುಗ್ಗರಿಸಿ ಗೊಣಗಿದರು. ಬಟ್ಟೆಯ ಹಿಂದೆ ಯಾರೂ ಇರಲಿಲ್ಲ, ಬರೀ ಗಾಳಿ. ಹಿಂದೆ ಚುಕ್ಕೆ ಬಿತ್ತೋ ಇಲ್ಲವೋ ಎಂದು ಅವನು ತಿರುಗಿ ನೋಡಲಿಲ್ಲ.