ಹಡಗಿಗೆ ಹೋದ ಒಳ್ಳೆಯ ಗಂಟೆಗಳು

ಮೊದಲು ಸಣ್ಣಗಾದದ್ದು ಅಂಕಿಗಳು.

ನಮ್ಮ ಮನೆಯವರು ಹಡಗಿನ ಹಲಗೆಗಳ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿಕೊಳ್ಳುತ್ತಿದ್ದರು. ಒಂದರಿಂದ ಇಪ್ಪತ್ತರವರೆಗೆ ದುಂಡಗೆ, ದಪ್ಪಗೆ ಇದ್ದವು. ಮೂವತ್ತು ದಾಟಿದ ಮೇಲೆ ಓದಲು ಕನ್ನಡಕ ಬೇಕಾಯಿತು. ಐವತ್ತರ ಹೊತ್ತಿಗೆ ಇರುವೆ ಸಾಲು. ಮೂವತ್ತೆರಡು ವರ್ಷ ಗುಬ್ಬಿ ತಾಲ್ಲೂಕಿನ ಶಾಲೆಗಳಲ್ಲಿ ಮಕ್ಕಳ ಕಾಪಿ ತಿದ್ದಿದವಳು ನಾನು. ಬಿಡುತ್ತೇನೆಯೇ? "ಏನ್ರೀ ಇದು, ಪೆನ್ಸಿಲ್ ಸವೆದೋಗುತ್ತೆ ಅಂತ ಉಳಿಸ್ತಿದೀರಾ?" ಅಂದೆ. ಅವರು ನಗಲಿಲ್ಲ. ಅವರ ಮುಖದಲ್ಲಿ ನಗು ಬರುವುದು ಆಗಲೇ ಕಡಿಮೆಯಾಗಿತ್ತು. ಅದನ್ನು ನಾನು ಕೊಬ್ಬು ಅಂದುಕೊಂಡಿದ್ದೆ.

ಕೊಬ್ಬಲ್ಲ. ಪಾರ್ಕಿನ್ಸನ್ಸ್.

ಹಡಗಿನ ವಿಷಯ ಹೇಳಿಬಿಡುತ್ತೇನೆ. ನನಗೆ ಅದರ ಮೇಲೆ ಮರ್ಯಾದೆ ಇಲ್ಲ, ಇದೆ ಅಂತ ನಟಿಸುವುದೂ ಇಲ್ಲ. ಇವರು ಐಟಿಐನಲ್ಲಿ ಮರಗೆಲಸ ಕಲಿಸುತ್ತಿದ್ದರು. ರಿಟೈರ್ ಆದ ವರ್ಷ ಹಳೆಯ ಶಿಷ್ಯನೊಬ್ಬ ಕೊರಿಯರ್‌ನಲ್ಲಿ ಒಂದು ಡಬ್ಬ ಕಳಿಸಿದ. ಸುಮಾರು ನಾನೂರು ವರ್ಷದ ಹಿಂದೆ ಡಚ್ಚರು ಮೆಣಸು, ಲವಂಗ ಸಾಗಿಸಲು ಕಟ್ಟಿದ ಹಾಯಿಹಡಗಿನ ಪುಟ್ಟ ಮಾದರಿ. ಜೋಡಿಸಿಕೊಳ್ಳುವುದು ನಾವೇ. ಒಳಗೆ ಬರೀ ಕಡ್ಡಿ, ಪಟ್ಟಿ, ದಾರ, ಗುಂಡುಪಿನ್ನಿನ ತಲೆಯಷ್ಟು ರಾಟೆಗಳು. ಈ ಮನುಷ್ಯ ಸಮುದ್ರವನ್ನು ಜನ್ಮದಲ್ಲಿ ಎರಡು ಸಲ ನೋಡಿದ್ದಾರೆ. ಎರಡು ಸಲವೂ ಪ್ಯಾಂಟು ನೆನೆಯುತ್ತೆ ಅಂತ ದೂರವೇ ನಿಂತಿದ್ದರು. ಉಪ್ಪಾರಹಳ್ಳಿಯ ನಮ್ಮ ಮನೆಗೆ ಹತ್ತಿರದ ನೀರು ಅಂದರೆ ಅಂಗಳದ ಸಂಪು. ಅಲ್ಲಿ ಕೂತು ಹಡಗು!

ಹೋಗಲಿ, ನೋಡಲಾದರೂ ಲಕ್ಷಣವಾಗಿದೆಯಾ? ಹೊಟ್ಟೆ ಉಬ್ಬಿಸಿ, ಹಿಂಭಾಗ ಎತ್ತಿಕೊಂಡು, ದಿನ ತುಂಬಿದ ಎಮ್ಮೆಯ ಹಾಗೆ ನಿಂತಿದೆ. ಆ ಹೊಟ್ಟೆಗೆ ಸರಿಯಾಗಿ ಹಲಗೆ ಬಾಗಬೇಕು ಅಂತ ನನ್ನ ಇಡ್ಲಿ ಪಾತ್ರೆಯಲ್ಲಿ ಹಲಗೆ ಬೇಯಿಸಿದರು. ಅಂಟು ಒಣಗುವ ತನಕ ಹಿಡಿದಿಡಲು ನನ್ನ ಬಟ್ಟೆ ಕ್ಲಿಪ್ಪುಗಳೆಲ್ಲ ಹೋದವು. ಒಗೆದ ಸೀರೆ ಪಕ್ಕದ ಮನೆಯ ಕಾಂಪೌಂಡಿಗೆ ಹಾರಿ, ನಾನು ಅವರ ಬಾಗಿಲಲ್ಲಿ ನಿಂತು ಕೇಳಿ ತಂದೆ. ಇವರಿಗೆ ಅದು ಗೊತ್ತೇ ಆಗಲಿಲ್ಲ.

ಬಟವಾಡಿಯ ಕ್ಲಿನಿಕ್ಕಿನಲ್ಲಿದ್ದ ನ್ಯೂರಾಲಜಿಸ್ಟ್ ಒಬ್ಬ ಹುಡುಗಿ. ನಾನು ಮಗ್ಗಿ ಕಲಿಸಿದ ಹೆಣ್ಣುಮಕ್ಕಳ ವಯಸ್ಸು. ಹೆಬ್ಬೆರಳಿಗೆ ತೋರುಬೆರಳು ಬಡಿಯಿರಿ ಅಂದಳು. ಕಾರಿಡಾರಿನಲ್ಲಿ ನಡೆಸಿದಳು. ನಡೆಯುವಾಗ ಬಲಗೈ ಬೀಸುತ್ತಿಲ್ಲ ನೋಡಿ ಅಂದಳು. ಇಷ್ಟಕ್ಕೇ ಕಾಯಿಲೆಯ ಹೆಸರು ಹೇಳಿಬಿಟ್ಟಳು. ಬೆರಳು ಬಡಿಸಿ ರೋಗ ಹೇಳುವುದಕ್ಕೆ ಇಷ್ಟು ಓದಬೇಕಿತ್ತಾ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

"ಪೂರ್ತಿ ವಾಸಿ ಆಗಲ್ಲ ಅಮ್ಮ. ಆದ್ರೆ ಮಾತ್ರೇಲಿ ಕಂಟ್ರೋಲ್ ಮಾಡ್ಬಹುದು" ಅಂದಳು.

ಆಮೇಲೆ ನೆಂಟರು ಶುರುವಾದರು. ಮೂಸಂಬಿ ಹಿಡಿದು ಬರುವುದು, ಸಲಹೆ ಕೊಡುವುದು. ಒಬ್ಬರು ಬೆಳಗ್ಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಸಿ ಅಂದರು. ಇನ್ನೊಬ್ಬರು ತಾಮ್ರದ ಕಡಗ ಹಾಕಿ ಅಂದರು. ಮತ್ತೊಬ್ಬ ಮಹಾನುಭಾವರು ತಮ್ಮ ಷಡ್ಡಕ ಇದೇ ಕಾಯಿಲೆಯಲ್ಲಿ ಎಷ್ಟು ನರಳಿ ಹೋದ ಅಂತ ಇವರ ಎದುರಿಗೇ ವಿವರಿಸಿ, ಎರಡನೇ ಲೋಟ ಕಾಫಿ ಕೇಳಿದರು. ಕೊಟ್ಟೆ, ಸಕ್ಕರೆ ಹಾಕದೆ.

ಈ ಕಾಯಿಲೆಗೆ ಒಂದು ಟೈಮ್ ಟೇಬಲ್ ಇದೆ. ಬೆಳಗ್ಗೆ ಎಂಟಕ್ಕೆ ಮಾತ್ರೆ ನುಂಗಿದರೆ ಒಂಬತ್ತಕ್ಕೆ ಕೈಕಾಲು ಬಿಡುತ್ತವೆ. ಅಲ್ಲಿಂದ ಹನ್ನೆರಡರ ತನಕ ಹೆಚ್ಚುಕಡಿಮೆ ಮೊದಲಿನ ಮನುಷ್ಯ. ಡಾಕ್ಟರ್ ಅದನ್ನು 'ಆನ್' ಅನ್ನುತ್ತಾಳೆ. ಆಮೇಲೆ 'ಆಫ್'. ಮೈ ಮರಗಟ್ಟುತ್ತದೆ, ದನಿ ಗಂಟಲಲ್ಲೇ ಉಳಿಯುತ್ತದೆ. ಮಧ್ಯಾಹ್ನದ ಮಾತ್ರೆ ಊಟದ ಜೊತೆ ಸೇರಿ ಸರಿಯಾಗಿ ಹತ್ತುತ್ತಲೇ ಇರಲಿಲ್ಲ.

ಆನ್ ಎಲ್ಲ ಹಡಗಿಗೆ. ಆಫ್ ಎಲ್ಲ ನನಗೆ.

ಶರ್ಟಿನ ಗುಂಡಿ ಹಾಕುವುದು ನನ್ನ ಪಾಲು. ಹಾಸಿಗೆಯಲ್ಲಿ ಮಗ್ಗುಲು ತಿರುಗಿಸುವುದು ನನ್ನ ಪಾಲು. ಬಚ್ಚಲಿನ ಹೊಸಿಲ ಮುಂದೆ ಕಾಲು ನೆಲಕ್ಕೆ ಅಂಟಿಕೊಂಡಾಗ, ಶಾಲೆಯ ಡ್ರಿಲ್ ಪೀರಿಯಡ್ಡಿನ ಹಾಗೆ "ಎಡ, ಬಲ, ಎಡ, ಬಲ" ಎಂದು ಕೂಗಿ ದಾಟಿಸುವುದೂ ನನ್ನ ಪಾಲು. ಮಾತಾಡುವ, ನಡೆಯುವ, ಜಗಳವಾಡಲು ತಾಕತ್ತಿರುವ ಗಂಡ ಮಾತ್ರ ದಿನಾ ಮೂರು ಗಂಟೆ ಆ ಎಮ್ಮೆಯ ಮುಂದೆ ಕೂತಿರುತ್ತಿದ್ದರು.

"ನನ್ ಜೊತೆ ಒಂದರ್ಧ ಗಂಟೆ ಕೂತ್ಕಂಡು ಮಾತಾಡಕ್ಕೆ ಏನ್ರೀ ನಿಮ್ಗೆ?"

"ಕೈ ಪೂರ್ತಿ ನಿಂತೋಗೋದ್ರೊಳ್ಗೆ ಮುಗಿಸ್ಬೇಕು ಕಣೇ."

"ಮುಗ್ಸಿ ಯಾವ್ ದೇಶಕ್ಕೆ ಹೋಯ್ತೀರಾ?"

ಅವರು ಚಿಮ್ಮಟದಲ್ಲಿ ದಾರ ಹಿಡಿದು ರಾಟೆಯ ತೂತಿಗೆ ಪೋಣಿಸುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ಸವತಿಯಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಕಟ್ಟಿಗೆಯನ್ನು ಏನಂತ ಕೇಳುವುದು?

ಆ ವಾರವೇ ಕುಣಿಗಲ್‌ನಿಂದ ನಮ್ಮಣ್ಣನ ಹೆಂಡತಿ, ನಮ್ಮ ಅತ್ತಿಗೆ, ಬಂದರು. ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದರು.

"ನಸುಗುನ್ನಿ ಬೀಜದ ಪುಡಿ ಕಣಮ್ಮಿ. ನಮ್ಮೂರ್ ಪಕ್ಕದ ನಾಟಿ ಪಂಡಿತ್ರು ಕೊಟ್ಟವ್ರೆ. ದಿನಾ ಒಂದ್ ಚಮಚ ಹಾಕ್ಕೊಡು. ಅಲ್ಲೊಬ್ರು ಎದ್ದೇಳಕ್ಕೂ ಆಗ್ದೆ ಇದ್ದೋರು ಈಗ ಒಬ್ರೇ ತೋಟಕ್ಕೆ ಹೋಯ್ತವ್ರೆ."

"ನಸುಗುನ್ನಿ ಮುಟ್ಟಿದ್ರೆ ಮೈಯೆಲ್ಲ ಕೆರ್ಕಬೇಕು. ಅದನ್ನ ಕುಡಿಸ್ಲಾ?"

"ಕೆರೆಯೋದು ಕಾಯಿ ಮ್ಯಾಲಿನ ಸುಂಕು ಕೂದ್ಲು ಕಣಮ್ಮಿ. ಒಳಗಿನ ಬೀಜಕ್ಕೇನಾಗೈತೆ? ಬೇಡಾಂದ್ರೆ ಬುಡು."

ಅತ್ತಿಗೆ ಹೋಗುವ ತನಕ ಆಡಿಕೊಂಡೆ. ಗೇಟು ದಾಟಿದ ಮೇಲೆ ಪುಡಿಯನ್ನು ಖಾಲಿ ಡಬ್ಬಿಯೊಂದಕ್ಕೆ ಸುರಿದು ಕಾಫಿಪುಡಿಯ ಹಿಂದೆ ಇಟ್ಟೆ. ನಂಬಿಕೆಯಿಂದಲ್ಲ. ಡಾಕ್ಟರ್ ಕೊಟ್ಟ ಮೂರು ಗಂಟೆ ಹಡಗಿನ ಪಾಲಾಗಿತ್ತು. ಮಧ್ಯಾಹ್ನ ಒಂದು ಗಂಟೆ ಯಾರು ಕೊಟ್ಟರೂ ನನಗೆ ಬೇಕಿತ್ತು. ಇವರಿಗೆ ಹೇಳಿದ್ದರೆ ಡಾಕ್ಟರನ್ನು ಕೇಳು ಅನ್ನುತ್ತಿದ್ದರು. ಹೇಳಲಿಲ್ಲ. ಮೂರು ಗಂಟೆಗೆ ಕೊಡುವ ರಾಗಿ ಮಾಲ್ಟಿಗೆ ಒಂದು ಚಮಚ ಹಾಕಿ, ಬೆಲ್ಲ ಸ್ವಲ್ಪ ಜಾಸ್ತಿ ಮಾಡಿ ಕೊಟ್ಟೆ.

ನಾಲ್ಕೂವರೆಗೆ ಎದ್ದು ನಿಂತರು. ಯಾರೂ ಹಿಡಿಯದೆ.

ಆ ಸಂಜೆ ಆಟೋದಲ್ಲಿ ಬಟವಾಡಿಗೆ ಹೋಗಿ ಮಸಾಲೆ ದೋಸೆ ತಿಂದೆವು. ತಾವೇ ಮುರಿದು, ಚಟ್ನಿಗೆ ಅದ್ದಿ ತಿಂದರು. "ಈ ಸೀರೆ ಯಾವಾಗ ತಗಂಡೆ? ಚೆನ್ನಾಗೈತೆ ಕಣೇ" ಅಂದರು. ಆರು ವರ್ಷದ ಹಳೆಯ ಸೀರೆ. ನಾನು ಹೇಳಲಿಲ್ಲ. ಹೀಗೆ ನಾಲ್ಕು ದಿನ. ಮದುವೆಯಾದ ಹೊಸದರಲ್ಲೂ ನಾವು ಅಷ್ಟು ಮಾತಾಡಿರಲಿಲ್ಲ.

ಐದನೇ ದಿನ ಮಾಲ್ಟ್ ಕುಡಿದವರು ನೇರ ಹಡಗಿನ ಮುಂದೆ ಹೋಗಿ ಕೂತರು.

"ಈಗೀಗ ಮಧ್ಯಾಹ್ನಾನೂ ಕೈ ಓಡ್ತೈತೆ ಕಣೇ! ಹಗ್ಗದ ಕೆಲ್ಸ ಈ ತಿಂಗ್ಳೇ ಮುಗ್ಸಿಬಿಡ್ತೀನಿ!"

ನನ್ನ ಗಂಟೆಯನ್ನೂ ನುಂಗಿತು ಆ ಡಚ್ಚರ ಎಮ್ಮೆ. ಮಾರನೆಯ ದಿನ ಎರಡು ಚಮಚ ಹಾಕಿದೆ. ಹಡಗು ತಿಂದು ಮಿಕ್ಕಿದ್ದಾದರೂ ನನಗೆ ಉಳಿಯಲಿ ಅಂತ.

ಹತ್ತು ದಿನದಲ್ಲಿ ಕುತ್ತಿಗೆ ತಾನಾಗಿ ತಿರುಗಲು ಶುರುವಾಯಿತು. ಆಮೇಲೆ ಭುಜ. ಆಮೇಲೆ ಕಾಲು. ಕುರ್ಚಿಯಲ್ಲಿ ಕೂತಲ್ಲೇ ಮೈ ನುಲಿಯುತ್ತಿತ್ತು. ಡಾಕ್ಟರ್ ನೋಡಿ ಡಿಸ್ಕೈನೀಸಿಯಾ ಅಂದಳು. ಔಷಧಿ ಅತಿಯಾದರೆ ಮೈ ಹೀಗೆ ಆಡುತ್ತದಂತೆ.

"ಬೇರೆ ಏನಾದ್ರೂ ಕೊಡ್ತಿದೀರಾ ಅಮ್ಮ? ನಾಟಿ ಔಷಧಿ, ಕಷಾಯ, ಪುಡಿ?"

"ಅಂಥದ್ದನ್ನೆಲ್ಲ ನಾನು ನಂಬಲ್ಲಮ್ಮ" ಅಂದೆ.

ಎಷ್ಟು ಠೀವಿಯಿಂದ ಅಂದೆ! ಡಾಕ್ಟರ್ ನಂಬಿದಳು. ಬೆಳಗಿನ ಮಾತ್ರೆಯನ್ನು ಅರ್ಧ ಮಾಡಿದಳು. ಬೆಳಗಿನ ಹೊತ್ತು ಇವರ ಕೈ ನಿಂತಿತು, ಹಡಗಿನ ಕೆಲಸವೂ ನಿಂತಿತು. ನನಗೆ ಒಳಗೊಳಗೇ ಖುಷಿಯಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಆದದ್ದು ಹಾಗೆ. ಪುಡಿ ಮೂರು ಚಮಚವಾಯಿತು.

ಒಂದು ದಿನ ಸಂಜೆ ಐದರ ಸುಮಾರು. ನಾನು ಕಡಲೆಕಾಯಿ ಬಿಡಿಸುತ್ತಿದ್ದೆ. ಇವರು ಹಡಗನ್ನೇ ನೋಡುತ್ತ ಕೂತಿದ್ದರು.

"ಯಾರೇ ಅವ್ರು?"

"ಯಾರ್ರೀ?"

"ಹಡಗಿನ ಮ್ಯಾಲೆ. ಇಬ್ರು ಕೂತವ್ರೆ. ಟೋಪಿ ಹಾಕವ್ರೆ."

"ಯಾರೂ ಇಲ್ಲ ರೀ."

"ಮೆತ್ತುಗ್ ಮಾತಾಡು. ಬಿದ್ಗಿದ್ದಾರು."

ಆ ಇಬ್ಬರನ್ನು ಎತ್ತಿ ಕೆಳಗಿಳಿಸಲು ಇವರು ಕೈ ಚಾಚಿದರು. ಆ ಕೈ ಈಗ ಹೇಳಿದ ಮಾತು ಕೇಳುವ ಕೈ ಅಲ್ಲ. ಬೀಸಿ ಬಡಿಯಿತು. ನಡುವಿನ ಕಂಬ ಲಟಕ್ ಅಂತ ಮುರಿದು, ಎರಡು ತಿಂಗಳು ಕಟ್ಟಿದ ದಾರವನ್ನೆಲ್ಲ ಎಳೆದುಕೊಂಡು ಬಿತ್ತು. ಇವರು ಮುರಿದ ಕಂಬದ ಕಡೆ ನೋಡಲೂ ಇಲ್ಲ. ಬಗ್ಗಿ ನೆಲದ ಮೇಲೆ ಆ ಇಬ್ಬರನ್ನು ಹುಡುಕುತ್ತಿದ್ದರು.

ಮಾರನೆಯ ಬೆಳಗ್ಗೆ ಮತ್ತೆ ಬಟವಾಡಿ. ಡಾಕ್ಟರ್ ಈ ಸಲ ನನ್ನ ಕಡೆ ಹೆಚ್ಚು ನೋಡಲಿಲ್ಲ. ಮಾತ್ರೆ ಕಡಿಮೆ ಮಾಡಿದ ಮೇಲೂ ಹೀಗಾಗುತ್ತಿದೆಯೆಂದರೆ ಕಾಯಿಲೆ ಬುದ್ಧಿಗೂ ಹೋಗುತ್ತಿರಬಹುದು, ಅಡ್ಮಿಟ್ ಮಾಡಿ ಎಂಆರ್‌ಐ ಮಾಡಿಸೋಣ, ಮಾತ್ರೆ ಇನ್ನೂ ಇಳಿಸಬೇಕಾಗಬಹುದು ಅಂದಳು. ಇಳಿಸಿದರೆ ನಡೆಯುವುದು ಕಷ್ಟವಾಗುತ್ತೆ ಅಂತಲೂ ಅಂದಳು.

ಇವರು ಎಲ್ಲ ಕೇಳಿಸಿಕೊಂಡರು. ಬಹಳ ಹೊತ್ತು ಬಾಯಿ ಆಡಿಸಿ ಕೊನೆಗೆ ದನಿ ಹೊರಡಿಸಿದರು.

"ನಂಗೆ ಹುಚ್ಚು ಹಿಡೀತೈತಾ ಮೇಡಂ?"

ಅವರು ಹೆದರಿದ್ದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ.

"ಇಲ್ಲ ರೀ" ಅಂದೆ. "ನಾನು ಮಾಲ್ಟಿಗೆ ಪುಡಿ ಹಾಕ್ತಿದೀನಿ. ನಸುಗುನ್ನಿ ಪುಡಿ."

ಡಾಕ್ಟರ್ ಪೆನ್ನು ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ವಾಸಿಯಿತ್ತು.

"ಅಮ್ಮ, ನಾನು ಕೊಡೋ ಮಾತ್ರೇಲಿ ಇರೋದು ಲೆವೊಡೋಪಾ. ಆ ಬೀಜದಲ್ಲಿ ಇರೋದೂ ಅದೇನೇ. ಅಳತೆ ಇಲ್ಲ, ಅಷ್ಟೇ. ನಾನು ಈ ಕಡೆ ಇಳಿಸ್ತಾ ಇದ್ರೆ ನೀವು ಆ ಕಡೆ ಸುರೀತಿದ್ರಿ."

ಶಾಲೆಯಲ್ಲಿ ಎಷ್ಟು ಮಕ್ಕಳನ್ನು "ನಿಜ ಬೊಗಳು" ಅಂತ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅವು ಕದ್ದದ್ದು ಬಳಪದ ಚೂರು. ಡಾಕ್ಟರನ್ನು ಆಡಿಕೊಂಡೆ, ನೆಂಟರನ್ನು ಆಡಿಕೊಂಡೆ, ಸತ್ತು ಮಣ್ಣಾದ ಡಚ್ಚರನ್ನೂ ಬಿಡಲಿಲ್ಲ. ಇಷ್ಟು ಜನರಲ್ಲಿ ಈ ಮನುಷ್ಯನಿಗೆ ವಿಷ ಬೆರೆಸಿದ ಹಾಗೆ ಬೆರೆಸಿ, ಬೆಲ್ಲ ಹಾಕಿ, ಆರಿಸಿ ಕುಡಿಸಿದವಳು ನಾನೊಬ್ಬಳೇ. ಥೂ ಅಂತ ಉಗಿಯಬೇಕಾದರೆ ಕನ್ನಡಿಗೇ ಉಗಿಯಬೇಕು.

ವಾಪಸ್ಸು ಬರುವಾಗ ಆಟೋದಲ್ಲಿ ಇವರು ಒಂದೇ ಸಲ ಮಾತಾಡಿದರು.

"ಎಷ್ಟು ಚಮಚ?"

"ಮೂರು."

"ಯಾಕೆ?"

"ನಿಮ್ ಜೊತೆ ಮಾತಾಡ್ಬೇಕಿತ್ತು."

ಅವರು ರಸ್ತೆಯ ಕಡೆ ತಿರುಗಿಕೊಂಡರು.

ಪುಡಿಯನ್ನು ಕಸದ ಗಾಡಿಗೆ ಹಾಕಿದೆ. ಅಡ್ಮಿಟ್ ಮಾಡುವುದನ್ನು ಡಾಕ್ಟರ್ ಮುಂದೂಡಿದಳು, ಮಾತ್ರೆಯನ್ನು ನಿಧಾನವಾಗಿ ಮೊದಲಿನ ಅಳತೆಗೆ ತಂದಳು. ಮಧ್ಯಾಹ್ನದ್ದನ್ನು ಊಟಕ್ಕೆ ಒಂದು ಗಂಟೆ ಮೊದಲೇ ಕೊಡಿ ಅಂದಳು. ಅಷ್ಟು ಸಣ್ಣ ಮಾತನ್ನು ನಾನು ಮೊದಲೇ ಕೇಳಿದ್ದರೆ ಹೇಳಿರುತ್ತಿದ್ದಳು. ಮೈ ನುಲಿಯುವುದು ತಗ್ಗಿತು. ಟೋಪಿಯವರು ಮತ್ತೆ ಬರಲಿಲ್ಲ. ಎಂಆರ್‌ಐ ಬೇಡವಾಯಿತು. ಕಾಯಿಲೆ ಇದೆ, ಇರುತ್ತದೆ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಸಿದುಕೊಳ್ಳುತ್ತದೆ. ಆದರೆ ಬುದ್ಧಿ ನೆಟ್ಟಗಿದೆ. ಆ ಹುಡುಗಿಗೆ ನಾನು ಕೈ ಮುಗಿದೆ, ಮನಸ್ಸಿನಲ್ಲಲ್ಲ, ಎದುರಿಗೇ. ಮುರಿದ ಕಂಬಕ್ಕೆ ಇವರು ಅಂಟು ಹಾಕಿ ದಾರ ಸುತ್ತಿದ್ದಾರೆ. ಗಂಟು ಎದ್ದು ಕಾಣುತ್ತದೆ. ಹಾಯಿ ಕಟ್ಟುವುದು ಬಾಕಿ ಇದೆ, ಆಗುತ್ತೋ ಇಲ್ಲವೋ.

ಮೂರು ವಾರ ನನ್ನೊಡನೆ ಮಾತಿಲ್ಲ. ನಾನು ಕೊಟ್ಟ ಮಾಲ್ಟನ್ನೂ ಮುಟ್ಟಲಿಲ್ಲ.

ಆಮೇಲೆ ಒಂದು ದಿನ ಮೂರು ಗಂಟೆಗೆ ಕೈ ಓಡುವ ಹೊತ್ತಿನಲ್ಲೇ ಹಡಗನ್ನು ಬಿಟ್ಟು ಎದ್ದರು. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತರು. ಹಾಲು ಇಟ್ಟಲ್ಲಿಂದ ಲೋಟಕ್ಕೆ ಬಗ್ಗಿಸುವ ತನಕ ನನ್ನ ಕೈಯನ್ನೇ ನೋಡಿದರು.

"ಆ ಡಬ್ಬೀಲಿ ಏನದು?"

"ಏಲಕ್ಕಿ ರೀ."

"ನೀನು ತಿನ್ನು ಮೊದ್ಲು."

ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಲೋಟ ತೆಗೆದುಕೊಂಡರು.

ಅಂದಿನಿಂದ ದಿನಾ ಬರುತ್ತಾರೆ. ಕಾವಲಿಗೆ ಬರುತ್ತಾರೆ, ನನಗೆ ಗೊತ್ತು. ಈ ವಯಸ್ಸಿನಲ್ಲಿ ಗಂಡ ಹೆಂಡತಿಯ ಕೈಯನ್ನು ಕಾಯುವ ಹಾಗಾಯಿತು, ಮಾಡಿಕೊಂಡವಳು ನಾನೇ. ಸುಮ್ಮನೆ ನಿಂತು ಬೇಜಾರಾಗಿ, ಎರಡನೇ ವಾರದಿಂದ ಅದೂ ಇದೂ ಮಾತಾಡುತ್ತಾರೆ. ಹಾಯಿಗೆ ಯಾವ ಬಟ್ಟೆ ಹಾಕಲಿ ಅಂತ ಕೇಳುತ್ತಾರೆ. ನಾನೂ ಹೇಳುತ್ತೇನೆ. ಕಣ್ಣು ಮಾತ್ರ ಪಾತ್ರೆಯ ಮೇಲೇ ಇರುತ್ತದೆ. ಮಾಲ್ಟ್ ಐದು ನಿಮಿಷದ ಕೆಲಸ. ನಾನು ಉರಿ ಸಣ್ಣ ಮಾಡಿಕೊಂಡು ಅರ್ಧ ಗಂಟೆ ತಿರುವುತ್ತೇನೆ.