ಕಾಜಾ ಅಕ್ಕ ಕೇಳಿದ ಕತ್ತರಿ

ಪುಕ್ಕಟೆ ಮಾಡಿಕೊಡುತ್ತೇನೆ ಎಂದು ಯಾರಾದರೂ ಅಂಗಡಿ ಮೆಟ್ಟಿಲು ಹತ್ತಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅವತ್ತು ಹತ್ತಿದವಳು ಕಾಜಾ ಅಕ್ಕ.

ಅವಳು ನಮ್ಮ ದರ್ಜಿಗಳ ಸಂಘದ ಕಾರ್ಯದರ್ಶಿ. ಸ್ವಂತ ಅಂಗಡಿಯಿಲ್ಲ. ಸಂಘದ ಕೋಣೆಯ ಮೂಲೆಯಲ್ಲಿ ಕಾಜಾ ಮೆಷಿನ್ ಇಟ್ಟುಕೊಂಡು, ನಮ್ಮೆಲ್ಲರ ಅಂಗಿಗಳಿಗೆ ಗುಂಡಿ ಹಾಕುವ ತೂತು ಹೊಲಿದೇ ತನ್ನ ಹೆಣ್ಣುಮಕ್ಕಳನ್ನು ಓದಿಸಿದವಳು. ಯಾರಿಗೂ ಬೇಡವಾಗಿದ್ದ ಕಾರ್ಯದರ್ಶಿ ಪಟ್ಟ ಅವಳ ಕೊರಳಿಗೆ ಬಿದ್ದಿತ್ತು. ಸಭೆಗೆ ಹೋಗುವುದನ್ನು ನಾವು ಬಿಟ್ಟು ಯಾವ ಕಾಲವಾಯಿತೋ. ಫೋನಿನ ಗ್ರೂಪಿಗೆ ಅವಳು ಏನು ಹಾಕಿದರೂ ಓದದೆ ಹೆಬ್ಬೆರಳಿನ ಚಿತ್ರ ಒತ್ತಿ, ಮುಂದಿನ ಪ್ಯಾಂಟು ಎತ್ತಿಕೊಳ್ಳುತ್ತಿದ್ದೆವು.

"ಅಣ್ಣ, ಭಾನುವಾರದ ಸಭೆಗೆ ಅರ್ಧದಷ್ಟಾದರೂ ಸದಸ್ಯರು ಬರದಿದ್ರೆ, ನಡೆಯದ ಸಂಘಕ್ಕೆ ಕೋಣೆ ಯಾಕೆ ಅಂತ ಮಾಲೀಕರು ಬಿಡಿಸ್ತಾರಂತೆ. ನನ್ನ ಮೆಷಿನ್ ಬೀದಿಗೆ ಬೀಳತ್ತೆ. ನಿಮ್ಮ ಕತ್ತರಿ ಕೊಡಿ, ಸಂಘದ ಕಡೆಯಿಂದ ಸಾಣೆ ಹಿಡಿಸ್ತೀವಿ. ಅಲ್ಲಿಗೇ ಬಂದು ತಗೊಳ್ಳಿ."

ಕೋಣೆಯದು ನೆಪ ಅನ್ನಿಸಿತು; ಸಂಘದ ಅಧ್ಯಕ್ಷ ಸ್ಥಾನ ಖಾಲಿ ಬಿದ್ದಿತ್ತು. "ಯಾಕಮ್ಮ, ಅಧ್ಯಕ್ಷೆ ಆಗೋ ಯೋಚನೆ ಇದೆಯಾ?" ಎಂದು ನೇರವಾಗಿ ಕೇಳಿದೆ. ಅವಳು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ದರ್ಜಿ ತನ್ನ ಕತ್ತರಿಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ನನ್ನ ಹೆಂಡತಿ ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೇ ನಾನು ಊಟ ಬಿಟ್ಟಿದ್ದೆ. ಆದರೆ ಎದುರಂಗಡಿಯ ಬ್ಲೌಸಿನವನ ಕತ್ತರಿ ಆಗಲೇ ಅಕ್ಕನ ಚೀಲದಿಂದ ಇಣುಕುತ್ತಿತ್ತು. ಅವನಿಗೆ ಸಿಗುವುದು ನನಗೇಕೆ ತಪ್ಪಬೇಕು? ಹಿಡಿಗೆ ಕೆಂಪು ದಾರ ಸುತ್ತಿ ಕೊಟ್ಟೆ. ಕೊಟ್ಟ ಕ್ಷಣದಿಂದ ತಲೆಯಲ್ಲಿ ಹುಳ. ಬದಲಾಯಿಸಿಬಿಟ್ಟರೆ? ಕತ್ತರಿ ಕೊಟ್ಟವರೆಲ್ಲ ತನ್ನ ಕಡೆ ಎಂದು ಹೇಳಿಕೊಂಡು ತಿರುಗಿದರೆ?

"ಭಾನುವಾರ ನೀವೇ ಹೋಗಿ ನೋಡಿ. ಸುಮ್ನೆ ನನ್ನ ತಲೆ ತಿನ್ನಬೇಡಿ," ಎಂದಳು ಹೆಂಡತಿ.

ಹೋದೆ. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ! ಶಾಲೆ ಬಿಟ್ಟಾಗ ಗೇಟಿನಲ್ಲಿ ಮಗುವನ್ನು ಹುಡುಕುವವರ ಹಾಗೆ ಎಲ್ಲರೂ ಮೇಜಿನ ಮೇಲೆ ತಮ್ಮ ತಮ್ಮ ಕತ್ತರಿ ಹುಡುಕುತ್ತಿದ್ದರು. ಸಾಣೆಯವನು ಮಾತ್ರ ಕೈಕಟ್ಟಿ ಕೂತಿದ್ದ.

"ಸಭೆ ಮುಗಿಯೋವರೆಗೂ ಚಕ್ರ ಮುಟ್ಟಬೇಡ ಅಂದಿದಾರೆ ಅಕ್ಕ."

ಸಿಕ್ಕಿಬಿದ್ದಿದ್ದೆವು. ಗೊಣಗುತ್ತ ಕೂತೆವು. ಕಟ್ಟಡದ ಮಾಲೀಕ ನಿಜಕ್ಕೂ ಬಂದ. ಬಾಗಿಲಲ್ಲೇ ನಿಂತು ತಲೆ ಎಣಿಸಿದ. "ಈ ಸಲ ಸರಿ. ಮುಂದಿನ ಸಭೆಗೂ ಬಂದು ನೋಡ್ತೀನಿ," ಎಂದು ಹೊರಟ. ಅಕ್ಕ ಮೆಷಿನ್ನಿನ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. ನನಗೆ ನಾಚಿಕೆಯಾಯಿತು. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ, ಅಧ್ಯಕ್ಷರ ಆಯ್ಕೆ ಇನ್ನೂ ಬಾಕಿಯಿತ್ತು.

ಅಕ್ಕ ಎದ್ದಳು. ಈಗ ಬಣ್ಣ ಬಯಲಾಗುತ್ತದೆ ಎಂದುಕೊಂಡೆ.

"ಇಷ್ಟು ಅಂಗಡಿ ಸುತ್ತಿದೆ. ಅಧ್ಯಕ್ಷ ಸ್ಥಾನದ ಬಗ್ಗೆ ವಿಚಾರಿಸಿದವರು ಈ ಅಣ್ಣ ಒಬ್ಬರೇ. ಇವರೇ ಆಗಲಿ."

ಕತ್ತರಿ ಬೇಗ ಸಿಗಲಿ ಎಂದು ಎಲ್ಲರೂ ಕೈ ಎತ್ತಿಬಿಟ್ಟರು. ಸಾಣೆಯವನ ಚಕ್ರ ತಿರುಗತೊಡಗಿತು.

ಮುಂದಿನ ಸಭೆ ಹತ್ತಿರ ಬಂದಾಗ ಖಾಲಿ ಚೀಲ ಹಿಡಿದು ಬ್ಲೌಸಿನವನ ಮೆಟ್ಟಿಲು ಹತ್ತಿದೆ. ಅವನು ಕತ್ತರಿಯನ್ನು ಬಟ್ಟೆಯ ಕೆಳಗೆ ಸರಿಸಿದ.

"ಯಾಕಣ್ಣ, ಈ ಸಲ ಏನು ಮಸಲತ್ತು?"

ನಾನು ನಕ್ಕೆ. ಆ ನಗು ಅವನಿಗೆ ಹಿಡಿಸಲಿಲ್ಲ.