ಸೊಂಟದೆತ್ತರದ ಬೇಲಿ

ಸೊಪ್ಪು ಬಿಡಿಸಿ ಬಿಡಿಸಿ ಎದುರುಮನೆ ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಆ ಬೆಳಿಗ್ಗೆಯೂ, ಮಗಳನ್ನು ಶಾಲೆಗೆ ಬಿಟ್ಟು ಬಂದು ನಾನು ಗ್ರೋಸರಿಗೆಂದು ಮತ್ತೆ ಕಾರು ತೆಗೆದಾಗ, ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ ತೊಟ್ಟು ಗ್ಯಾರೇಜಿನ ಮುಂದೆ ಮಡಚುವ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಅದೇ ಕೈ ಎತ್ತಿದರು.

ಹುಬ್ಬಳ್ಳಿಯವರು. ಡಬ್ಲಿನ್ನಿನ ನಮ್ಮ ಬೀದಿಯವರೆಲ್ಲ ಆಫೀಸಿಗೆ ಹೋದ ಮೇಲೆ ಹೊರಗೆ ಕಾಣುವ ಮನುಷ್ಯರೆಂದರೆ ಅವರೊಬ್ಬರೇ. ಒಮ್ಮೆ ನಾವು ನಾಲ್ಕು ದಿನ ಮನೆಯಲ್ಲಿರಲಿಲ್ಲ. ಬಂದು ನೋಡಿದರೆ ಬಾಗಿಲಲ್ಲಿ ಅಂದಿನದೇ ಹಸಿ ರಂಗೋಲಿ. ಪಕ್ಕದಲ್ಲಿ ನಮ್ಮದಲ್ಲದ ದೊಡ್ಡ ಬೂಟು.

“ನನ್ನ ಮಗಂದು,” ಎಂದರು ಅಜ್ಜಿ. “ದಿನಾ ಒಂದೀಟು ಸರಸಿ ಇಡ್ತಿದ್ದೆ. ಒಳಗ ಮಂದಿ ಅದಾರ ಅಂತ ಕಳ್ಳಗ ಅನಸಬೇಕಲ್ಲ? ನಮ್ಮ ಮಂದಿ ಮನ್ಯಾಗ ಬಂಗಾರ ಇರತೈತಿ ಅಂತ ಅವರಿಗೆ ಗೊತ್ತೈತಿ.”

ಆದರೂ ಅವರ ಕಣ್ಣು ನನಗೆ ಕಿರಿಕಿರಿ. “ನಿನ್ನೆ ಬಂದಿದ್ರಲ್ಲ, ಯಾರವ್ವಾ?” “ಹೊತ್ತಾತಲ್ಲ, ಎಲ್ಲಿಗೆ ಹೋಗಿದ್ದಿ?” ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ನಯ ಬಿಡಲಾಗದೆ ನಗುತ್ತಲೇ ಉತ್ತರಿಸುತ್ತಿದ್ದೆ. ಬಾಯಲ್ಲಿ ಹೇಳಲಾಗದ್ದಕ್ಕೆ ಮನೆಯ ಮುಂದೆ ಸಾಲಾಗಿ ಬೇಲಿ ಗಿಡ ಹಾಕಿಸಿದೆ. ಅದು ಎದೆಮಟ್ಟ ಬಂದಾಗ ಅಜ್ಜಿ ರಸ್ತೆ ದಾಟಿ ಬಂದರು.

“ಟೊಂಕದ ಮಟ ಕತ್ತರಸವ್ವಾ. ಇನ್ನೂ ಮ್ಯಾಲೆ ಹೋತಂದ್ರ ಕಳ್ಳಗ ನೀನ ಪರದೆ ಕಟ್ಟಿ ಕೊಟ್ಟಂಗ.”

“ಆಗ್ಲಿ ಅಜ್ಜಿ,” ಎಂದೆ. ಕತ್ತರಿಸಲಿಲ್ಲ. ಬೇಲಿ ಆಳೆತ್ತರವಾಯಿತು.

ಆ ದಿನ ಗ್ರೋಸರಿಯಿಂದ ಮರಳುವಷ್ಟರಲ್ಲಿ ಮನೆಯ ಮುಂದೆ ಪೊಲೀಸ್ ಕಾರಿತ್ತು. ಪೊಲೀಸರು ಹೇಳಿದ್ದಿಷ್ಟು: ಬೇಲಿಯ ಹಿಂದೆ ನಮ್ಮ ಕಿಟಕಿ ಗಾಜು ಒಡೆದ ಸದ್ದು ಕೇಳಿ ಅಜ್ಜಿ ಸೊಪ್ಪಿನ ಬುಟ್ಟಿ ಹಿಡಿದೇ ಬಂದಿದ್ದಾರೆ. ಓಡುವ ಭರದಲ್ಲಿ ಕಳ್ಳ ತಳ್ಳಿದ್ದಾನೆ. ತಲೆ ಮೆಟ್ಟಿಲಿಗೆ ಬಡಿದಿದೆ. ಬೇರೆ ಬೀದಿಯಿಂದ ನಾಯಿ ಕರೆದುಕೊಂಡು ಬಂದು ಎರಡು ಸಲ ಅಲ್ಲೇ ಹಾದುಹೋದವರಿಗೂ ಅವರು ಕಾಣಲಿಲ್ಲ. ಕೊನೆಗೆ ಕಂಡದ್ದು, ಬಾಗಿಲವರೆಗೆ ಟಪಾಲು ತಂದವನಿಗೆ. ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡರು.

ನಮ್ಮ ಮನೆಯಿಂದ ಏನೂ ಹೋಗಿರಲಿಲ್ಲ.

ಸಂಜೆ ಮೆಟ್ಟಿಲ ಮೇಲೆ ಉಳಿದ ಮೆಂತ್ಯದ ಎಲೆಗಳನ್ನು ಒಂದೊಂದಾಗಿ ಆಯುತ್ತಿದ್ದೆ. ಪಕ್ಕದ ಮನೆಯ ಬೆಂಗಳೂರಿನಾಕೆ ಬಂದು, ಹೊರಡುವಾಗ ಬೇಲಿಯ ಮೇಲೆ ಕೈಯಾಡಿಸಿದರು.

“ಭಯ ಆಗ್ಬಿಟ್ಟಿದೆ ರೀ. ನಾವೂ ಇದೇ ಗಿಡ ಹಾಕಿಸ್ತೀವಿ. ರಸ್ತೆಯಿಂದ ಏನೂ ಕಾಣ್ಸಲ್ಲ, ಅಲ್ವಾ?”